ಅರ್ಧ ದಿನದ ಸೀಟು

ಶಾರ್ಜಾ
28 ಅಕ್ಟೋಬರ್ 2021

ಪ್ರೀತಿಯ ಕಾವೇರಿ,

ಕಳ್ಳಿ, ನಿನ್ನ ಮಿಸ್ಬಾ ಮಿಸ್‌ನ ಮರೆತೇಬಿಟ್ಟೆಯಾ? ನಾನು ಬೆಂಗಳೂರು ಬಿಡುವ ದಿನ, ತಿಂಗಳಿಗೊಂದು ಕಾಗದ ಬರೆಯುತ್ತೇನೆ ಅಂತ ದೇವರಾಣೆ ಹಾಕಿದವಳು ನೀನು. ಆಮೇಲೆ ಲಾಕ್‌ಡೌನ್ ಬಂತು, ನಿಮ್ಮಪ್ಪನ ಗಾರೆ ಕೆಲಸ ನಿಂತು ನೀವೆಲ್ಲ ಲಾರಿ ಹತ್ತಿ ಯಾದಗಿರಿ ಕಡೆ ನಿಮ್ಮೂರಿಗೆ ಹೋದಿರಿ ಅಂತ ತಿಳಿಯಿತು. ಹಾಗಾಗಿ ಇಷ್ಟು ದಿನದ ತಪ್ಪು ಮಾಫಿ. ಈಗ ಶಾಲೆ ಬಾಗಿಲು ತೆಗೆದಿದೆಯಂತೆ, ನೀನು ಐದನೇ ಕ್ಲಾಸಿನಲ್ಲಿ ಕೂತಿದ್ದೀಯಂತೆ. ನಿಮ್ಮ ಶಾಲೆಯ ಆಯಾ ಪ್ರಿಯಾ ಫೋನಿನಲ್ಲಿ ಹೇಳಿದಳು. ಅವಳೂ ಕಗ್ಗದಾಸಪುರದಲ್ಲಿ ನಿಮ್ಮ ವಠಾರಕ್ಕೇ ಬಾಡಿಗೆಗೆ ಬಂದಿದ್ದಾಳಂತಲ್ಲ! ಇನ್ನು ನಿನ್ನ ನೆಪ ನಡೆಯುವುದಿಲ್ಲ.

ಮೂರನೇ ಕ್ಲಾಸಿನವರೆಗೆ ನಿನಗೆ ಕನ್ನಡ ಕಲಿಸಿದೆ ಅಂತ ಎಲ್ಲರ ಹತ್ತಿರ ಹೇಳಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಮೂರು ವರ್ಷವೂ ನಿನ್ನ ಬಾಯಿ ಮುಚ್ಚಿಸುವುದರಲ್ಲೇ ಹೋಯಿತು. ಶಿವಾಜಿನಗರದಲ್ಲಿ ಹುಟ್ಟಿ, ಮನೆಯಲ್ಲಿ ದಖನಿ ಉರ್ದು ಆಡುವ ನನಗೆ ಯಾದಗಿರಿ ಕನ್ನಡ ಕಲಿಸಿದವಳು ನೀನು. ಊಟದ ಬೆಲ್ಲು ಹೊಡೆದರೆ ನಿನ್ನ ಡಬ್ಬಿ ಮುಗಿಸಿ ಪಕ್ಕದವರ ಡಬ್ಬಿಗೆ ಕೈ ಹಾಕುತ್ತಿದ್ದೆ, ಕೊನೆಗೆ ನನ್ನ ಡಬ್ಬಿಯ ಖರ್ಜೂರಕ್ಕೆ ಬರುತ್ತಿದ್ದೆ. 'ನನ್ನ ಹೊಟ್ಟಿ ತುಂಬೋದೇ ಇಲ್ರಿ ಮಿಸ್' ಅನ್ನುತ್ತಿದ್ದೆ. ಅದಕ್ಕೇ ಈ ಕಾಗದದ ಜೊತೆ ಖರ್ಜೂರ ಕಳಿಸಿದ್ದೇನೆ. ಪಕ್ಕದವರಿಗೂ ಕೊಡು.

ಊರಲ್ಲಿ ಅಜ್ಜಿಯ ಹತ್ತಿರ ಇರುವ ನಿನ್ನ ತಂಗಿ ಅಯ್ಯಮ್ಮ ಹೇಗಿದ್ದಾಳೆ? ಅವಳನ್ನು ನಾನು ನೋಡಿಲ್ಲ. ಆದರೆ ಅವಳು ನಿನಗಿಂತ ಒಂದೂವರೆ ವರ್ಷ ಚಿಕ್ಕವಳು, ಹಲ್ಲಿ ಕಂಡರೆ ಕಿರುಚುತ್ತಾಳೆ, ಬೈತಲೆ ನಡುವೆ ತೆಗೆಯುತ್ತಾಳೆ ಅನ್ನುವುದೆಲ್ಲ ನನಗೆ ಬಾಯಿಪಾಠ. ಪಾಠ ನಡೆಯುವಾಗಲೂ ನಿನಗೆ ಅವಳದೇ ಸುದ್ದಿ.

ನನ್ನ ಮಗ ಉಮೈರ್ ಒಂದನೇ ಕ್ಲಾಸಿಗೆ ಸೇರಿದ. ಇಲ್ಲಿ ನಮ್ಮಂಥವರ ಮಕ್ಕಳಿಗೆ ಸರ್ಕಾರಿ ಶಾಲೆ ಸಿಗುವುದಿಲ್ಲ. ಫೀಸು ಕಟ್ಟಬೇಕು, ಇಲ್ಲವೇ ಮಗುವನ್ನು ಅಜ್ಜಿ ಮನೆಗೆ ಸಾಗಹಾಕಬೇಕು. ನನ್ನ ಗಂಡ ಸಲ್ಮಾನ್ ಎಸಿ ರಿಪೇರಿಯಲ್ಲಿ ತಂದದ್ದು ಮನೆ ಬಾಡಿಗೆಗೇ ಸಾಲದು. ದೇವರ ದಯೆ, ಉಮೈರ್ ಓದುವ ಶಾಲೆಯಲ್ಲೇ ನನಗೂ ಕೆಲಸ ಸಿಕ್ಕಿತು. ಸಿಬ್ಬಂದಿಯ ಮಗ ಅಂತ ಫೀಸು ಬಹುಪಾಲು ಬಿಟ್ಟಿದ್ದಾರೆ. ನಿನ್ನ ಸೀಟಿನ ಬೆಲೆ ಇಲ್ಲಿಗೆ ಬಂದ ಮೇಲೆ ನನಗೆ ತಿಳಿಯಿತು ಬೇಟಾ. ಸರ್ಕಾರದ ಲಾಟರಿಯಲ್ಲಿ ಎದ್ದ ಸೀಟು ಅದು, ಇಂದಿರಾನಗರದ ಅಂಥಾ ಶಾಲೆಯಲ್ಲಿ ಎಂಟನೇ ಕ್ಲಾಸಿನವರೆಗೆ ಬಿಟ್ಟಿ ಓದು. ಏನೇ ಆದರೂ ಕಳೆದುಕೊಳ್ಳಬೇಡ.

ಉತ್ತರ ಬರೆದು ರಸೆಲ್ ಮಾರುಕಟ್ಟೆಯಲ್ಲಿ ನಮ್ಮ ಅಬ್ಬು ಚಾಂದ್ ಪಾಷಾ ಅವರ ಹಣ್ಣಿನ ಅಂಗಡಿಗೆ ಕೊಡು. ಇಲ್ಲಿಗೆ ಬರುವವರು ಯಾರಾದರೂ ತರುತ್ತಾರೆ.

ನಿನ್ನ ದಾರಿ ನೋಡುತ್ತಿರುವ
ಮಿಸ್ಬಾ ಮಿಸ್


ಕಗ್ಗದಾಸಪುರ
21 ನವೆಂಬರ್ 2021

ಪೂಜ್ಯ ಮಿಸ್‌ಗೆ ಕಾವೇರಿಯ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನೀವು ಚೆನ್ನಾಗಿರುವಿರಿ ಎಂದು ನಂಬಿದ್ದೇನೆ. ಖರ್ಜೂರ ತಲುಪಿತು. ಬಹಳ ರುಚಿಯಾಗಿತ್ತು. ನಾನೇ ಎಲ್ಲವನ್ನೂ ತಿಂದೆನು.

ಶಾಲೆಯಲ್ಲಿ ಮಾಸ್ಕ್ ಹಾಕಿಕೊಳ್ಳಬೇಕು. ಒಂದು ಬೆಂಚಿಗೆ ಒಬ್ಬರೇ ಕೂರಬೇಕು. ಹಳೆಯ ಟೀಚರುಗಳು ತುಂಬಾ ಜನ ಬಿಟ್ಟುಹೋಗಿದ್ದಾರೆ. ಇಂಗ್ಲಿಷ್ ಮರೆತುಹೋಗಿದೆ. ಊರ ಬಿಸಿಲಿಗೆ ಕಪ್ಪಾಗಿದ್ದೇನೆ ಎಂದು ಪ್ರಿಯಕ್ಕ ಹೇಳುತ್ತಾರೆ.

ನನ್ನ ತಂಗಿ ಅಯ್ಯಮ್ಮ ಲಾಕ್‌ಡೌನಿನಲ್ಲಿ ಜ್ವರ ಬಂದು ತೀರಿಕೊಂಡಳು. ಅವಳ ಬಗ್ಗೆ ಕೇಳಬೇಡಿ ಮಿಸ್.

ಇಂತಿ ನಿಮ್ಮ ವಿದ್ಯಾರ್ಥಿನಿ,
ಜೆ. ಕಾವೇರಿ, ಐದನೇ ತರಗತಿ


ಶಾರ್ಜಾ
11 ಫೆಬ್ರವರಿ 2022

ನನ್ನ ಕಾವೇರಿ,

ನಿನ್ನ ಕಾಗದ ಓದಿ ಅಡುಗೆಮನೆಯಲ್ಲೇ ಕೂತುಬಿಟ್ಟೆ. ನೋಡದ ಮಗುವಿಗೆ ಇಷ್ಟು ಅಳು ಬರುತ್ತದೆ ಅಂತ ಗೊತ್ತಿರಲಿಲ್ಲ. ಸಲ್ಮಾನ್ 'ಯಾರು ಹೋದರು?' ಅಂದರು. 'ನನ್ನ ಕಾವೇರಿಯ ತಂಗಿ' ಅಂದೆ. ಪಾಪ, ಅವರಿಗೆ ನೀನೂ ಗೊತ್ತಿಲ್ಲ. ಆದರೂ ಇಬ್ಬರೂ ಕೂತು ಅಯ್ಯಮ್ಮನಿಗಾಗಿ ದುವಾ ಮಾಡಿದೆವು.

ಕೇಳಬೇಡಿ ಅಂದಿದ್ದೀಯ, ಕೇಳುವುದಿಲ್ಲ. ಆದರೆ ಒಂದು ಮಾತು. ನಿನ್ನ ಕಾಗದ ಸರ್ಕಾರಿ ಆಫೀಸಿನಿಂದ ಬಂದ ಹಾಗಿತ್ತು. ನನ್ನ ಗಿಣಿ ಎಲ್ಲಿ ಹೋಯಿತು? ದುಃಖ ಮಾತನ್ನು ತಿಂದುಹಾಕುತ್ತದೆ, ಗೊತ್ತು. ನಿಧಾನವಾಗಿ ವಾಪಸು ತರೋಣ.

ನಾನು ಬೆಳಿಗ್ಗೆ ಕತ್ತಲಿರುವಾಗಲೇ ಕೆಲಸಕ್ಕೆ ಹೊರಡುತ್ತೇನೆ. ದಿನವಿಡೀ ಮಕ್ಕಳ ಗಲಾಟೆ. ಎಲ್ಲ ದೇಶದವರೂ ಇದ್ದಾರೆ, ಎಲ್ಲರೂ ಒಂದೇ ಥರ ಹಠ ಮಾಡುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಮನಿಲಾದ ಹೆಂಗಸು ಒಬ್ಬಳಿದ್ದಾಳೆ. ತನ್ನ ಮಕ್ಕಳನ್ನು ಊರಲ್ಲಿ ಒಳ್ಳೆಯ ಶಾಲೆಗೆ ಹಾಕುವುದಕ್ಕೆ ಇಲ್ಲಿಗೆ ಬಂದಿದ್ದಾಳೆ. ಚಿಕ್ಕದು ಈಗ ಫೋನಿನಲ್ಲಿ ಇವಳನ್ನು ನೋಡಿದರೆ ಅಜ್ಜಿಯ ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತದಂತೆ. ಅದನ್ನು ಹೇಳಿ ಜೋರಾಗಿ ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ಸರಿ, ಒಂದು ಪರೀಕ್ಷೆ. ಶಾಲೆಯಲ್ಲಿ ನನ್ನ ಕೊನೆಯ ದಿನ ನೀನು ಸ್ಟಾಫ್‌ರೂಮಿನ ಬಾಗಿಲಲ್ಲಿ ನನ್ನ ಕೈ ಹಿಡಿದು ಒಂದು ವಿಷಯ ಕೇಳಿದ್ದೆ. ನಾನು ನಕ್ಕುಬಿಟ್ಟೆ. ನಿನಗೆ ಕೋಪ ಬಂತು. ಏನು ಕೇಳಿದ್ದೆ, ನೆನಪಿದೆಯಾ?

ಖರ್ಜೂರ ಮತ್ತೆ ಕಳಿಸಿದ್ದೇನೆ.

ಮಿಸ್ಬಾ ಮಿಸ್


(ಕಳಿಸದೆ ಇಟ್ಟುಕೊಂಡದ್ದು)
ಕಗ್ಗದಾಸಪುರ
13 ಮಾರ್ಚ್ 2022

ಮಿಸ್,

ಈ ಕಾಗದ ನಿಮಗೆ ಬರುವುದಿಲ್ಲ. ಆದರೂ ಬರೆಯುತ್ತೇನೆ. ಎಲ್ಲಾದರೂ ಒಂದು ಕಡೆ ನಿಜ ಹೇಳಬೇಕು.

ನಾನು ನಿಮ್ಮನ್ನು ಏನೂ ಕೇಳಿಲ್ಲ. ನಾನು ನಿಮ್ಮನ್ನು ನೋಡಿಯೂ ಇಲ್ಲ. ಕೇಳಿದವಳು ಅಕ್ಕ. ಸತ್ತವಳೂ ಅಕ್ಕ. ನಾನು ಅಯ್ಯಮ್ಮ.

ಲಾರಿಯಿಂದ ಇಳಿದಾಗ ಅಕ್ಕ ಚೆನ್ನಾಗಿದ್ದಳು. ಬಂದವಳೇ ಅಜ್ಜಿಯ ರೊಟ್ಟಿ ಬುಟ್ಟಿ ಖಾಲಿ ಮಾಡಿದಳು. ಆಮೇಲೆ ಜ್ವರ ಬಂತು. ಬೆಂಗಳೂರಿನಿಂದ ಬಂದವರು ಅಂತ ಯಾರೂ ನಮ್ಮ ಮನೆ ಕಡೆ ಸುಳಿಯಲಿಲ್ಲ. ಊರ ದಾರಿಗೆ ಮುಳ್ಳು ಹಚ್ಚಿದ್ದರು, ಆಸ್ಪತ್ರೆಗೆ ಗಾಡಿ ಸಿಗಲಿಲ್ಲ. ಅವಳನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಅಪ್ಪ ಅತ್ತ, ಅಜ್ಜಿ ಅತ್ತಳು. ಅವ್ವ ಅಳಲಿಲ್ಲ. ಯಾರಿಗೂ ಹೇಳಲೂ ಇಲ್ಲ, ಎಲ್ಲೂ ಬರೆಸಲೂ ಇಲ್ಲ.

ಶಾಲೆ ತೆರೆಯುತ್ತದೆ ಅಂತ ಸುದ್ದಿ ಬಂದ ದಿನ ಅವ್ವ ನನ್ನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದಳು. ಅಕ್ಕನ ಬೈತಲೆ ಎಡಕ್ಕೆ ಇತ್ತು. ನನಗೂ ಎಡಕ್ಕೆ ತೆಗೆದಳು.

'ಮಗಳು ಹೋದ್ಳು. ಸೀಟು ಯಾಕ ಹೋಗಬೇಕು? ಇವತ್ತಿಂದ ನೀ ಕಾವೇರಿ ಇದ್ದಿ. ಯಾರು ಕರದ್ರೂ ಹೂಂ ಅನ್ನಬೇಕು' ಅಂದಳು.

'ಬ್ಯಾಡ ಲಕ್ಷ್ಮಿದೇವಿ, ಕೂಸಿನ ಹೆಸರಿನ ಮ್ಯಾಲ ಆಟ ಆಡಬಾರದು' ಅಂದ ಅಪ್ಪ.

'ಆಟ ಅಲ್ಲ ಇದು, ಸಾಲಿ' ಅಂದಳು ಅವ್ವ. ಅಪ್ಪ ಬೀಡಿ ಹಚ್ಚಿಕೊಂಡು ಹೊರಗೆ ಹೋದ.

ಊರಲ್ಲೇ ಪಾಠ ಶುರುವಾಯಿತು. ಕಾವೇರಿಗೆ ಏನು ಇಷ್ಟ? ಯಾವ ಬೆಂಚು? ಗೆಳತಿಯರು ಯಾರು? ತಪ್ಪು ಹೇಳಿದರೆ ಅವ್ವ ಮೊದಲಿನಿಂದ ಹೇಳಿಸುತ್ತಿದ್ದಳು. ಅಕ್ಕ ಹಲ್ಲಿಗೆ ಹೆದರುತ್ತಿರಲಿಲ್ಲವಂತೆ. ಕ್ಲಾಸಿನ ಗೋಡೆಯ ಮೇಲೆ ಒಂದು ದೊಡ್ಡ ಹಲ್ಲಿ ಇದೆ ಮಿಸ್. ನಾನು ಮಾಸ್ಕಿನೊಳಗೆ ತುಟಿ ಕಚ್ಚಿಕೊಂಡು ಕೂರುತ್ತೇನೆ. ಮಾಸ್ಕ್ ಇರುವುದರಿಂದ ಬದುಕಿದೆ. ಅದನ್ನು ತೆಗೆಯುವ ಹೊತ್ತಿಗೆ ಎಲ್ಲರಿಗೂ ನನ್ನ ಮುಖವೇ ಕಾವೇರಿಯ ಮುಖ ಆಗಿರುತ್ತದೆ ಅಂತ ಅವ್ವ ಹೇಳುತ್ತಾಳೆ.

ಒಂದು ಬೆಂಚಿಗೆ ಒಬ್ಬರೇ ಅಂತ ಮೂರನೇ ಕ್ಲಾಸಿನ ಬೆಂಚುಗಳನ್ನೂ ನಮ್ಮ ಕ್ಲಾಸಿಗೆ ತಂದಿದ್ದಾರೆ, ನನ್ನದರ ಅಡಿಯಲ್ಲಿ ಅಕ್ಕ ಕೈವಾರದಿಂದ ತನ್ನ ಹೆಸರು ಕೆತ್ತಿದ್ದಾಳೆ. ಪಾಠ ಕೇಳುತ್ತ ಬೆರಳಿನಲ್ಲಿ ಸವರುತ್ತೇನೆ. ಒಂದೊಂದು ಸಲ ಆ ಕಡೆಯಿಂದ ಇನ್ನೊಂದು ಬೆರಳು ಮುಟ್ಟಿದ ಹಾಗಾಗುತ್ತದೆ. ಕೈ ತೆಗೆದುಬಿಡುತ್ತೇನೆ.

ನನಗೆ ಖರ್ಜೂರ ಸೇರುವುದಿಲ್ಲ ಮಿಸ್. ಅವ್ವ ಎದುರಿಗೆ ಕೂತು ತಿನ್ನಿಸುತ್ತಾಳೆ.

ಅಯ್ಯಮ್ಮ


ಕಗ್ಗದಾಸಪುರ
13 ಮಾರ್ಚ್ 2022

ಪ್ರೀತಿಯ ಮಿಸ್‌ಗೆ ನಮಸ್ಕಾರಗಳು.

ನೀವು ಹೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ನಾನು ಏನು ಕೇಳಿದೆನೋ ಅದೂ ನೆನಪಿದೆ. ಆದರೆ ಈಗ ಹೇಳಲು ನಾಚಿಕೆಯಾಗುತ್ತದೆ. ಖರ್ಜೂರ ಬಹಳ ರುಚಿಯಾಗಿತ್ತು.

ಕಾವೇರಿ


ಶಾರ್ಜಾ
19 ನವೆಂಬರ್ 2023

ಕಾವೇರಿ ಬೇಟಾ,

ನಿನ್ನ ಮೂರು ಕಾಗದಕ್ಕೆ ಒಂದೇ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಸಂಜೆ ಮನೆಗೆ ಬಂದರೆ ಕಾಲು ನನ್ನವಲ್ಲ ಅನ್ನಿಸುತ್ತದೆ.

ಏಳನೇ ಕ್ಲಾಸಿಗೆ ಬಂದೆ, ಹನ್ನೆರಡು ತುಂಬಿತು, ಹುಟ್ಟುಹಬ್ಬದ ಶುಭಾಶಯ. ನಿನ್ನ ಬರಹ ಈಗ ಎಷ್ಟು ಚೆನ್ನಾಗಿದೆ! ಬಾಯಿಬಡುಕಿ ಹೋಗಿ ಬರೆಯುವವಳು ಬಂದಿದ್ದಾಳೆ. ತಂಗಿ ಹೋದ ಮೇಲೆ ನೀನು ಬೇಗ ದೊಡ್ಡವಳಾದೆ ಅಂದುಕೊಳ್ಳುತ್ತೇನೆ. ಒಳ್ಳೆಯದೇ. ಆದರೂ ಹಳೆಯ ಕಾವೇರಿ ಒಂದು ಸಾಲಿನಲ್ಲಾದರೂ ಇಣುಕುತ್ತಾಳಾ ಅಂತ ಎರಡೆರಡು ಸಲ ಓದುತ್ತೇನೆ.

ಉಮೈರ್ ಎತ್ತರವಾಗಿದ್ದಾನೆ. ಶಾಲೆಯಲ್ಲಿ ನನ್ನನ್ನು ಅಮ್ಮಿ ಅನ್ನುವುದಿಲ್ಲ. ಟೀಚರ ಮಗ ಅಂತ ಹುಡುಗರು ರೇಗಿಸುತ್ತಾರಂತೆ. ಹೋದ ವಾರ ಬಿದ್ದು ಮೊಣಕಾಲು ತರಚಿಕೊಂಡ. ಓಡಿಹೋಗಿ ಎತ್ತಿದೆ. 'ಥ್ಯಾಂಕ್ಯೂ ಆಂಟಿ' ಅಂದ. ಪಕ್ಕದಲ್ಲಿ ಗೆಳೆಯರಿದ್ದರು. ಮನೆಗೆ ಬಂದ ಮೇಲೆ ಎಂದಿನಂತೆ ಮೈಮೇಲೆ ಬಿದ್ದು ಊಟ ಕೇಳಿದ. ನಾನೂ ಎಂದಿನಂತೆ ಬಡಿಸಿದೆ. ಮಕ್ಕಳು ಬುದ್ಧಿವಂತರಾದರೆ ಹೀಗೇ ಅಲ್ಲವೇ?

ನಿಮ್ಮವ್ವನಿಗೆ ನನ್ನ ನಮಸ್ಕಾರ ಹೇಳು. ಒಂದು ಮಗಳನ್ನು ಕಳೆದುಕೊಂಡೂ ಇನ್ನೊಂದನ್ನು ಓದಿಸುತ್ತಿದ್ದಾಳೆ. ದೊಡ್ಡ ಹೆಂಗಸು.

ಮಿಸ್ಬಾ ಮಿಸ್


ಕಗ್ಗದಾಸಪುರ
6 ಅಕ್ಟೋಬರ್ 2024

ಪ್ರೀತಿಯ ಮಿಸ್,

ಎಂಟನೇ ಕ್ಲಾಸು ಅರ್ಧ ಮುಗಿಯಿತು. ಬಿಟ್ಟಿ ಓದು ಈ ವರ್ಷಕ್ಕೆ ಕೊನೆ. ಮುಂದಿನ ವರ್ಷದಿಂದ ಫೀಸು ಕಟ್ಟಬೇಕು ಅಂತ ಶಾಲೆಯವರು ಈಗಲೇ ಹೇಳಿದ್ದಾರೆ. ಅವ್ವ ಇನ್ನೂ ಎರಡು ಮನೆ ಕೆಲಸ ಹಿಡಿದಿದ್ದಾಳೆ. ಆದರೂ ಆಗುವುದಿಲ್ಲ ಅನ್ನುತ್ತಾಳೆ.

ಬುಧವಾರ ಮಹಾಲಯ ಅಮಾವಾಸ್ಯೆ ಇತ್ತು. ನಮ್ಮ ಮನೆಯಲ್ಲಿ ಅಯ್ಯಮ್ಮನ ಹೆಸರಿನಲ್ಲಿ ಎಡೆ ಇಡುತ್ತೇವೆ. ವಠಾರದವರು ಬಂದು ನೋಡುತ್ತಾರೆ, ಪ್ರಿಯಕ್ಕನೂ ಬರುತ್ತಾರೆ. ಊರಲ್ಲಿ ತೆಗೆಸಿದ ಒಂದೇ ಫೋಟೋ ಇದೆ. ಅದರಲ್ಲಿ ಅವಳಿಗೆ ಮುಂದಿನ ಹಲ್ಲಿಲ್ಲ, ಬೈತಲೆ ನಡುವೆ ಇದೆ. ಅವ್ವ ಅದಕ್ಕೆ ಕುಂಕುಮ ಹಚ್ಚಿ ಸೇವಂತಿಗೆ ಹಾರ ಹಾಕುತ್ತಾಳೆ. ಎದುರಿಗೆ ಹೋಳಿಗೆ, ಅನ್ನ, ಬದನೆಕಾಯಿ ಪಲ್ಯ. ಎಲ್ಲರೂ ಕೈ ಮುಗಿಯುತ್ತಾರೆ. ನಾನೂ ಮುಗಿಯುತ್ತೇನೆ.

ಮಾಳಿಗೆಯ ಮೇಲೆ ಕಾಗೆಗೆ ಇಟ್ಟೆವು. ಈ ವರ್ಷವೂ ಕಾಗೆ ಮುಟ್ಟಲಿಲ್ಲ. 'ಏನೋ ಆಸೆ ಉಳ್ಕೊಂಡಿದೆ ಕಣ್ರೀ ಮಗೂಗೆ' ಅಂದರು ಪ್ರಿಯಕ್ಕ. ಅವ್ವ ಎಡೆಯನ್ನು ತಂದು ನನ್ನ ಮುಂದಿಟ್ಟಳು. ಪ್ರತಿ ವರ್ಷ ಆ ಎಡೆ ಉಣ್ಣುವವಳು ನಾನೇ.

ಮಿಸ್, ನನಗೆ ಆ ಫೋಟೋದವಳ ನೆನಪು ಕಡಿಮೆಯಾಗುತ್ತಿದೆ. ಅವಳು ಹೇಗೆ ನಗುತ್ತಿದ್ದಳು ಅಂತ ಕನ್ನಡಿ ಮುಂದೆ ನಿಂತು ಯೋಚಿಸುತ್ತೇನೆ, ಬರುವುದಿಲ್ಲ. ಮೂರನೇ ಕ್ಲಾಸಿನಲ್ಲಿ ನೀವು ನಮ್ಮನ್ನು ಮೈಸೂರು ಝೂಗೆ ಕರೆದುಕೊಂಡು ಹೋಗಿದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಆನೆಯ ಹತ್ತಿರ ನನ್ನ ಚಪ್ಪಲಿ ಕಿತ್ತುಹೋಗಿತ್ತು, ನೀವು ಪಿನ್ನು ಹಾಕಿ ಕೊಟ್ಟಿರಿ. ಅದು ಹೇಗೆ ನೆನಪಿದೆಯೋ ನನಗೇ ಗೊತ್ತಿಲ್ಲ.

ಕಾವೇರಿ


ಕಗ್ಗದಾಸಪುರ
27 ಜುಲೈ 2025

ಮಿಸ್,

ಈ ಕಾಗದವನ್ನು ಕೂತುಕೊಂಡು ಓದಿ.

ನಾನು ಕಾವೇರಿ ಅಲ್ಲ. ಕಾವೇರಿ 2020ರಲ್ಲೇ ಊರಲ್ಲಿ ಜ್ವರ ಬಂದು ಸತ್ತಳು. ನಾನು ಅವಳ ತಂಗಿ ಅಯ್ಯಮ್ಮ. ಸೀಟು ಹೋಗಬಾರದು ಅಂತ ಅವ್ವ ನನ್ನನ್ನು ಅವಳ ಹೆಸರಿನಲ್ಲಿ ಶಾಲೆಗೆ ಕಳಿಸಿದಳು. ನಿಮಗೆ ಬಂದ ಕಾಗದಗಳೆಲ್ಲ ನಾನು ಬರೆದವು. 2022ರಲ್ಲಿ ಒಂದು ಸಲ ನಿಜ ಬರೆದಿದ್ದೆ, ಕಳಿಸುವ ಧೈರ್ಯ ಬರಲಿಲ್ಲ. ಅದನ್ನೂ ಇದರ ಜೊತೆ ಇಟ್ಟಿದ್ದೇನೆ.

ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ ಎರಡು ಕಾರಣ.

ಫೀಸು ಕಟ್ಟಲಾಗದೆ ಟಿಸಿ ತೆಗೆದುಕೊಂಡು ಜೂನಿನಲ್ಲಿ ಹಲಸೂರಿನ ಸರ್ಕಾರಿ ಹೈಸ್ಕೂಲಿಗೆ ಸೇರಿದೆ. ಟಿಸಿಯಲ್ಲಿ ಕಾವೇರಿ ಅಂತ ಇದೆ, ಹಾಗಾಗಿ ಇಲ್ಲೂ ಕಾವೇರಿಯೇ. ಹೆಡ್‌ಮಾಸ್ಟರ್ ರಾಮಾಂಜಿನಪ್ಪ ಸರ್ ಒಳ್ಳೆಯವರು. 'ಬನ್ರಮ್ಮ, ಎಷ್ಟು ಜನ ಬಂದ್ರೂ ಜಾಗ ಐತೆ' ಅಂತ ಎಲ್ಲರನ್ನೂ ಸೇರಿಸಿಕೊಳ್ಳುತ್ತಾರೆ. ಇಲ್ಲಿಗೆ ಯಾರು ಬೇಕಾದರೂ ಬರಬಹುದಿತ್ತು ಮಿಸ್. ಅಯ್ಯಮ್ಮನೂ ಬರಬಹುದಿತ್ತು. ಮೊದಲ ದಿನ ಅದು ಹೊಳೆದು, ಪ್ರಾರ್ಥನೆಯ ಸಾಲಿನಲ್ಲಿ ನಿಂತಲ್ಲೇ ಅಳು ಬಂತು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿಗೆ ಹೋಗುವ ಹೆಸರು, ಹುಟ್ಟಿದ ದಿನ ಸರಿಯಾಗಿದೆಯಾ ಅಂತ ದಸರಾ ರಜೆಯೊಳಗೆ ಹೇಳಬೇಕಂತೆ. 'ಅಂಕಪಟ್ಟೀಲಿ ಬಿದ್ಮೇಲೆ ಸಾಯೋತನಕ ಅದೇ ಹೆಸರು ಕಣಮ್ಮ' ಅಂದರು ಸರ್. ನನಗೆ ಭಯವಾಗಿದೆ.

ಇನ್ನೊಂದು ಕಾರಣ, ಹೋದ ಭಾನುವಾರ ನಿಮ್ಮ ಅಬ್ಬು ಅಂಗಡಿಯಲ್ಲಿ ಯಾರಿಗೋ ದ್ರಾಕ್ಷಿ ತೂಗುತ್ತ ಹೇಳಿದ್ದು ನನ್ನ ಕಿವಿಗೆ ಬಿತ್ತು. 'ನಮ್ ಮಗ್ಳು ಇಲ್ಲಿ ಟೀಚರ್ ಇದ್ಲು ಸಾಮಿ. ಅಲ್ಲಿ ಅವ್ಳ ಸರ್ಟಿಫಿಕೇಟ್ ನಡೀಲಿಲ್ಲ. ಸ್ಕೂಲ್ ಬಸ್ಸಲ್ಲಿ ಮಕ್ಳನ್ನ ಹತ್ತಿಸಿ ಇಳಿಸ್ತಾಳೆ. ಮೊಮ್ಮಗ ಅದೇ ಬಸ್ಸಲ್ಲಿ ಹೋಗ್ತಾನೆ, ಅಮ್ಮನ್ನೇ ಆಂಟಿ ಅಂತಾನೆ' ಅಂದರು. ಆಮೇಲೆ ನನ್ನನ್ನು ಕಂಡು 'ಅರೆ, ಕಾವೇರಿ ಬೇಟಾ' ಅಂತ ಒಂದು ಸೇಬು ಕೊಟ್ಟರು. ತಿನ್ನಲಾಗಲಿಲ್ಲ.

ನಿಮಗೆ ಅರ್ಥವಾಗಬಹುದು ಅಂತ ಅನ್ನಿಸಿತು. ಯಾವ ಹೆಸರು ಬರೆಸಲಿ ಮಿಸ್? ಕೇಳುವುದಕ್ಕೆ ನನಗೆ ಬೇರೆ ಯಾರೂ ಇಲ್ಲ.

ಅಯ್ಯಮ್ಮ


ಶಾರ್ಜಾ
7 ಸೆಪ್ಟೆಂಬರ್ 2025

ಅಯ್ಯಮ್ಮ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬರೆಯಲು ಕೂರುವುದು, ಎದ್ದುಹೋಗುವುದು, ಇದೇ ಆಯಿತು. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಮುಚ್ಚಿಡುವುದಿಲ್ಲ, ಕೆಟ್ಟ ಸಿಟ್ಟು. ಐದು ವರ್ಷದ ಹಿಂದೆ ಮಣ್ಣಾದ ಮಗುವಿಗೆ ನಾನು ಹುಟ್ಟುಹಬ್ಬದ ಶುಭಾಶಯ ಬರೆದೆ. ಅವಳ ಪಾಲಿನ ದುವಾ ಮಾಡದೆ ನಿನಗೆ ಮಾಡಿದೆ. ಹಳೆಯ ಕಾವೇರಿ ಎಲ್ಲಿ ಹೋದಳು ಅಂತ ನಾನು ಕೇಳಿದಾಗಲೆಲ್ಲ ನೀನು ಓದಿ ಸುಮ್ಮನಿದ್ದೆ. ನನ್ನ ಗಿಣಿ ಸತ್ತುಹೋಗಿದೆ, ನನಗೆ ಅಳುವುದಕ್ಕೂ ಐದು ವರ್ಷ ತಡವಾಯಿತು.

ಆಮೇಲೆ ನೀನು ಕಳಿಸದೆ ಇಟ್ಟುಕೊಂಡಿದ್ದ ಕಾಗದ ಓದಿದೆ. ಮಾಸ್ಕಿನೊಳಗೆ ತುಟಿ ಕಚ್ಚಿಕೊಂಡು ಹಲ್ಲಿ ನೋಡುತ್ತ ಕೂತ ಹುಡುಗಿ ಕಣ್ಣಿಗೆ ಬಂದಳು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಅಬ್ಬುವಿನ ಬಾಯಿಗೆ ಬೀಗ ಇಲ್ಲ, ಏನು ಮಾಡುವುದು. ಹೌದು, ನಾನು ಬಸ್ ಆಯಾ. ಸೀಟ್ ಬೆಲ್ಟು ಹಾಕುತ್ತೇನೆ, ವಾಂತಿ ಒರೆಸುತ್ತೇನೆ, ಕೊನೆಗೆ ಯಾರಾದರೂ ಮಲಗಿ ಉಳಿದಿದ್ದಾರಾ ಅಂತ ಸೀಟುಗಳ ಕೆಳಗೆ ಬಗ್ಗಿ ನೋಡುತ್ತೇನೆ. ಆಂಟಿ ಅನ್ನು ಅಂತ ಉಮೈರ್‌ಗೆ ಹೇಳಿಕೊಟ್ಟವಳು ನಾನೇ. ಅವನಿಗೆ ಅವಮಾನವಾಗಬಾರದು ಅಂತ. ಈಗ ಅವನಿಗೆ ಹನ್ನೊಂದು. ಹೋದ ತಿಂಗಳು ಮನೆಯಲ್ಲಿ, ಊಟದ ಮುಂದೆ, ನೀರು ಬೇಕಾಗಿ 'ಆಂಟಿ' ಅಂದುಬಿಟ್ಟ. ಹೇಳಿದ್ದು ಅವನಿಗೇ ಗೊತ್ತಾಗಲಿಲ್ಲ. ನಾನು ನೀರು ಕೊಟ್ಟೆ. ಸಲ್ಮಾನ್ ತಲೆಯೆತ್ತಲಿಲ್ಲ.

ಹಾಗಾಗಿ ನಿಮ್ಮವ್ವನನ್ನು ಬೈಯುವ ಬಾಯಿ ನನಗಿಲ್ಲ.

ಈಗ ಒಂದು ವಿಷಯ ನಿನಗೆ ಕೊಡಬೇಕು. ಅದು ನಿನ್ನದೇ. ನನ್ನ ಕೊನೆಯ ದಿನ ಕಾವೇರಿ ಕೇಳಿದ್ದೇನು ಗೊತ್ತಾ? 'ಮಿಸ್, ನಮ್ಮ ಅಯ್ಯಮ್ಮ ಊರಾಗ ಒಬ್ಬಾಕೀನೇ ಅದಾಳ್ರಿ. ನನ್ನ ಸೀಟಿನ್ಯಾಗ ಆಕಿಗೂ ಅರ್ಧ ದಿನ ಕೊಡ್ರಿ. ಮುಂಜಾನೆ ನಾ ಕುಂದರ್ತೀನಿ, ಉಂಡ ಮ್ಯಾಲ ಆಕಿ ಕುಂದರ್ತಾಳ. ಯಾರಿಗೂ ಗೊತ್ತಾಗಂಗಿಲ್ರಿ, ನಾವಿಬ್ರೂ ಒಂದೇ ಥರ ಅದೀವಿ.' ನಾನು ನಕ್ಕೆ. 'ಸೀಟು ಅಂದರೆ ರೊಟ್ಟಿಯಾ, ಮುರಿದು ಕೊಡುವುದಕ್ಕೆ?' ಅಂದೆ. ಅವಳು ಮುಖ ಊದಿಸಿಕೊಂಡು ಹೋದಳು. ನಾನು ಕಂಡ ಕೊನೆಯ ಕಾವೇರಿ ಅವಳು.

ಹೆಸರಿನ ವಿಷಯ ನಾನು ಹೇಳಲಾರೆ ಮಗಳೇ. ಬದಲಾಯಿಸಬೇಕಾದರೆ ಕೋರ್ಟು, ಕಚೇರಿ ಅಂತ ಅಲೆಯಬೇಕು, ನಿಮ್ಮವ್ವ ಎಲ್ಲರ ಮುಂದೆ ಕಾವೇರಿ ಸತ್ತಳು ಅಂತ ಬಾಯಿಬಿಟ್ಟು ಹೇಳಬೇಕು. ಅವಳು ಒಂದು ಸಲವೂ ಹೇಳಿಲ್ಲ ಅಂತ ನಿನ್ನ ಕಾಗದವೇ ಹೇಳುತ್ತದೆ. ಅದು ಆಗುತ್ತದೋ ಇಲ್ಲವೋ ನೀವು ನೋಡಿಕೊಳ್ಳಿ. ಆದರೆ ಒಂದು ಕೆಲಸ ಮಾಡು. ಈ ಸಲ ಅಮಾವಾಸ್ಯೆಗೆ ಎಡೆಯನ್ನು ಕಾವೇರಿಗೆ ಇಡು. ಪಕ್ಕದವರ ಡಬ್ಬಿಗೆ ಕೈ ಹಾಕುತ್ತಿದ್ದ ಹುಡುಗಿ ಅದು. ಐದು ವರ್ಷದಿಂದ ಅವಳಿಗೆ ಯಾರೂ ಒಂದು ತುತ್ತು ಇಟ್ಟಿಲ್ಲ.

ಖರ್ಜೂರ ಕಳಿಸಿದ್ದೇನೆ. ನೀನು ತಿನ್ನಬೇಡ.

ಮಿಸ್ಬಾ


ಕಗ್ಗದಾಸಪುರ
22 ಸೆಪ್ಟೆಂಬರ್ 2025

ಪ್ರೀತಿಯ ಮಿಸ್,

ಇದುವರೆಗೆ ನನ್ನ ಹೆಸರಿಗೆ ಬಂದ ಕಾಗದ ಅದೊಂದೇ. ಮೇಲಿನ ಒಂದು ಪದವನ್ನೇ ಬಹಳ ಹೊತ್ತು ನೋಡಿದೆ. ಲಕೋಟೆಯ ಮೇಲೆ ಕಾವೇರಿ ಅಂತಲೇ ಬರೆಯಿರಿ, ಅಬ್ಬು ಕೈಯಲ್ಲಿ ಕೊಡಬೇಕಲ್ಲ. ಒಳಗೆ ಮಾತ್ರ ಹೀಗೆ ಬರೆಯಿರಿ.

ರಜೆಗೆ ಮುಂಚೆ ರಾಮಾಂಜಿನಪ್ಪ ಸರ್ ನನ್ನನ್ನು ಕರೆದು 'ಹೆಸ್ರು ಸರಿ ಐತೇನಮ್ಮ?' ಅಂದರು. ಹಿಂದಿನ ದಿನವೆಲ್ಲ ಮಾತು ಕಟ್ಟಿಕೊಂಡು ಹೋಗಿದ್ದೆ. ಆದರೆ ಬಾಯಿ ತೆರೆದಾಗ 'ಸರಿ ಐತೆ ಸರ್' ಅಂದೆ. ಬೇರೆ ಹೆಸರು ಹೇಳಿದರೆ ಓದು ಮೊದಲಿನಿಂದ ಶುರು ಮಾಡಬೇಕು, ಅಯ್ಯಮ್ಮ ಮೂರನೇ ಕ್ಲಾಸು ಮುಗಿಸಿದ್ದಕ್ಕೂ ಕಾಗದವಿಲ್ಲ. ಅಕ್ಕ ಅರ್ಧ ದಿನ ಕೊಡುತ್ತೇನೆ ಅಂದದ್ದೂ ತಲೆಯಲ್ಲಿ ಸುತ್ತುತ್ತಿತ್ತು. ಅವಳ ಪಾಲಿನ ಅರ್ಧ ಅವಳ ಹೆಸರಾಗಿ ಅಂಕಪಟ್ಟಿಯಲ್ಲಿ ಇರಲಿ ಅನ್ನಿಸಿತು. ತಪ್ಪು ಮಾಡಿದೆನೋ ಏನೋ.

ನಿನ್ನೆ ಅಮಾವಾಸ್ಯೆ. ಅವ್ವ ಫೋಟೋ ಒರೆಸಿ ಹಾರ ಕಟ್ಟುತ್ತಿದ್ದಳು. ಪ್ರಿಯಕ್ಕ ರಜೆಗೆ ಊರಿಗೆ ಹೋಗಿದ್ದಾರೆ, ಅಪ್ಪ ಕೆ.ಆರ್. ಪುರದ ಕೆಲಸಕ್ಕೆ ಹೋಗಿದ್ದ. ನಾನು ಬಾಗಿಲು ಹಾಕಿದೆ. ಗೋಡೆಯಿಂದ ನನ್ನ ಫೋಟೋ ತೆಗೆದು ಬೋರಲು ಹಾಕಿ, ಅಕ್ಕನ ಮೂರನೇ ಕ್ಲಾಸಿನ ಐಡಿ ಕಾರ್ಡನ್ನು ಆ ಮೊಳೆಗೆ ಸಿಕ್ಕಿಸಿದೆ. ಎಡೆಯಲ್ಲಿ ನಿಮ್ಮ ಖರ್ಜೂರ ಇಟ್ಟೆ.

ಅವ್ವ ನನ್ನ ಕೆನ್ನೆಗೆ ಹೊಡೆದಳು. 'ಯಾರಿಗಾದ್ರೂ ಗೊತ್ತಾದ್ರ ಏನ್ ಮಾಡ್ತಿ?' ಅಂದಳು. ನಾನು ನಿಮ್ಮ ಕಾಗದ ತೆಗೆದು ಗಟ್ಟಿಯಾಗಿ ಓದಿದೆ. ಅವಳಿಗೆ ಓದಲು ಬರುವುದಿಲ್ಲ. ಮಿಸ್‌ಗೂ ಹೇಳಿಬಿಟ್ಟಿಯಾ ಅಂತ ಮತ್ತೆ ಕೈಯೆತ್ತಿದಳು. ಅರ್ಧ ದಿನದ ಸೀಟಿನ ಮಾತು ಬಂದಾಗ ಕೈ ಹಾಗೇ ನಿಂತಿತು. 'ಇನ್ನೊಮ್ಮಿ ಓದು' ಅಂದಳು. ಓದಿದೆ. 'ಹಂಗಂದಿದ್ಳಾ?' ಅಂದಳು. ಹೂಂ ಅಂದೆ. 'ಅರ್ಧ ಕೊಡ್ತೀನಂದಾಕಿ ಪೂರಾ ಕೊಟ್ಟು ಹೋದ್ಳಲ್ಲ' ಅಂದಳು.

ಆಮೇಲೆ ಐಡಿ ಕಾರ್ಡಿನ ಮುಂದೆ ಕೂತು ಅತ್ತಳು ಮಿಸ್. ನಾನು ಅವ್ವ ಅತ್ತದ್ದನ್ನು ಮೊದಲ ಸಲ ಕಂಡೆ. ಎದೆ ಬಡಿದುಕೊಂಡು, ವಠಾರಕ್ಕೆಲ್ಲ ಕೇಳುವ ಹಾಗೆ, 'ಕಾವೇರೀ, ನನ್ನ ಕಾವೇರೀ' ಅಂತ ಕೂಗಿದಳು. ಕಾಗೆ ಬಂತೋ ಇಲ್ಲವೋ ನೋಡಲಿಲ್ಲ.

ಅವಳು ಕೂಗಿದಾಗ ನಾನು ಅಡುಗೆಮನೆಯಲ್ಲಿ ಚೊಂಬಿಗೆ ನೀರು ತುಂಬುತ್ತಿದ್ದೆ. ನಾಲ್ಕು ವರ್ಷದ ಅಭ್ಯಾಸ, ನನಗೆ ತಿಳಿಯುವ ಮೊದಲೇ ಬಾಯಿಂದ ಬಂದುಬಿಟ್ಟಿತು. 'ಏನವ್ವಾ?' ಅಂದೆ.

ಅವ್ವನ ಅಳು ನಿಂತಿತು. ತಿರುಗಿ ನನ್ನನ್ನು ನೋಡಿದಳು.

'ನಿನ್ನಲ್ಲ, ಅಯ್ಯಮ್ಮ' ಅಂದಳು. 'ನಿನ್ನ ಕರೀಲಿಲ್ಲವ್ವ.'

ನಾನು ನೀರಿನ ಚೊಂಬು ಅವಳ ಪಕ್ಕದಲ್ಲಿಟ್ಟು ಹಿಂದೆ ಹೋಗಿ ಕೂತೆ.

ಇಂತಿ,
ಅಯ್ಯಮ್ಮ